ದೂರದ ಯಂತ್ರಕ್ಕೆ ಮನೆಯ ಬಾಗಿಲು

ಸಂಸಾರಕ್ಕೆ ಬೇಕಾದ ಪದಾರ್ಥಗಳನ್ನು ಆರಿಸಿಕೊಳ್ಳುವ ವಿಷಯದಲ್ಲಿ ನಮ್ಮ ಗೃಹಸ್ಥರಿಗೆ ಯಾರೂ ಬುದ್ಧಿ ಹೇಳಬೇಕಾದುದಿಲ್ಲ. ಅಕ್ಕಿಯನ್ನು ಕೊಳ್ಳುವಾಗ ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇವೆ. ಬೀಗವನ್ನು ಕೊಳ್ಳುವಾಗ ಅಂಗಡಿಯವನ ಎದುರಿಗೇ ನಾಲ್ಕಾರು ಸಲ ಹಾಕಿ ತೆಗೆದು ಪರೀಕ್ಷಿಸುತ್ತೇವೆ. ಆದರೆ ಕೈಗೆ ಸಿಕ್ಕದ ಪದಾರ್ಥವೊಂದನ್ನು ಆರಿಸಬೇಕಾಗಿ ಬಂದಾಗ ಈ ಜಾಣತನವೆಲ್ಲ ಎಲ್ಲಿಯೋ ಅಡಗಿಹೋಗುತ್ತದೆ. ನೆರೆಯವರು ಹೇಳಿದರೆಂದೋ, ಮೊದಲು ಕಣ್ಣಿಗೆ ಬಿದ್ದಿತೆಂದೋ, ಬಿಟ್ಟಿಯಾಗಿ ಸಿಕ್ಕಿತೆಂದೋ ಅದನ್ನು ತಂದು ಮನೆಯೊಳಗೆ ಇಟ್ಟುಕೊಂಡುಬಿಡುತ್ತೇವೆ. ಮನೆಯ ಗಣಕಯಂತ್ರದಿಂದ ದೂರದ ಗಣಕಯಂತ್ರವನ್ನು ಮುಟ್ಟುವುದಕ್ಕೆ ಬೇಕಾದ ತಂತ್ರಾಂಶವು ಇಂತಹ ಪದಾರ್ಥಗಳಲ್ಲಿ ಒಂದು. ಬಲ್ಲವರು ಇದನ್ನು ಟರ್ಮಿನಲ್ ಎಮ್ಯುಲೇಟರ್ ಎಂದು ಕರೆಯುತ್ತಾರೆ. ಹೆಸರನ್ನು ಕೇಳಿದೊಡನೆ ವಾಚಕರು ಪುಟವನ್ನು ಮಗುಚಿಬಿಡಬಾರದೆಂದು ನಮ್ಮ ಪ್ರಾರ್ಥನೆ. ವಿಷಯವು ಹೆಸರಿನಷ್ಟು ಕಠಿಣವಾದುದಲ್ಲ. ಮೇಲಾಗಿ ನಮ್ಮ ಊರಿನ ಎಷ್ಟೋ ಮನೆಗಳ ಅನ್ನವು ಈಗ ಇದರ ಮೂಲಕವೇ ಬರುತ್ತಿದೆ.

ನಾವು ವಿಜಯನಗರದಲ್ಲಿ ಬಹುಕಾಲದಿಂದ ವಾಸವಾಗಿರುವವರು. ರಾಜಾಜಿನಗರದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವವರ ಸೈಕಲ್ಲಿನ ಗಂಟೆಯಿಂದಲೇ ಹೊತ್ತನ್ನು ತಿಳಿಯುತ್ತಿದ್ದ ಕಾಲವನ್ನು ನಮ್ಮ ಕಡೆಯ ಹಿರಿಯರು ಕಂಡಿದ್ದಾರೆ. ರಾತ್ರಿಯ ಪಾಳಿ ಈಗಲೂ ಉಂಟು. ಆದರೆ ಅನೇಕರು ಅದಕ್ಕಾಗಿ ಮನೆಯಿಂದ ಹೊರಡುವುದಿಲ್ಲ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಯಾವ ಬೀದಿಯಲ್ಲಿ ನಡೆದರೂ, ಹನ್ನೊಂದು ಗಂಟೆಯ ಮೇಲೆ ಮಹಡಿಯ ಒಂದೆರಡು ಕೊಠಡಿಗಳಲ್ಲಿ ದೀಪವಿರುವುದನ್ನು ಕಾಣಬಹುದು. ಅಲ್ಲಿ ಕುಳಿತವರು ಸಮುದ್ರದಾಚೆಯ ಯಂತ್ರವೊಂದಕ್ಕೆ ಅಪ್ಪಣೆಗಳನ್ನು ಬರೆದು ಕಳುಹಿಸಿ, ಅದರ ಉತ್ತರಗಳನ್ನು ಓದುತ್ತಿರುತ್ತಾರೆ.

ನಮ್ಮ ಸೊಸೆಯೂ ಇಂತಹ ಕೆಲಸದವಳೇ. ಅವಳ ಕಚೇರಿಯು ಊರಿನ ಆ ಕೊನೆಯಲ್ಲಿ, ವೈಟ್‌ಫೀಲ್ಡಿನಲ್ಲಿ ಇದೆ. ೨೦೨೩ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೋ ರೈಲು ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಎಲ್ಲಿಯೂ ಬದಲಾಯಿಸದಂತೆ ಓಡುತ್ತಿರುವುದು ನಿಜವೇ. ಆದರೂ ಹೋಗುವುದಕ್ಕೆ ಒಂದು ಗಂಟೆಗೆ ಮಿಕ್ಕ ಪ್ರಯಾಣ, ಬರುವುದಕ್ಕೆ ಅಷ್ಟೇ ಪ್ರಯಾಣ. ಮನೆಯಲ್ಲಿ ಎಂಟು ತಿಂಗಳ ಹೆಣ್ಣು ಮಗು. ಹೆರಿಗೆಯ ರಜೆ ಮುಗಿದ ಮೇಲೆ ಅವಳು ಕೆಲಸವನ್ನು ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ವರ್ಷಗಟ್ಟಲೆ ಓದಿ ಸಂಪಾದಿಸಿದ ವಿದ್ಯೆ; ಬಿಟ್ಟರೆ ಮತ್ತೆ ಸಿಕ್ಕುವುದು ಸುಲಭವಲ್ಲ. ಕೊನೆಗೆ ಕಚೇರಿಯವರು ಮನೆಯಿಂದಲೇ ಕೆಲಸಮಾಡಲು ಒಪ್ಪಿದರು. ಆದರೆ ಒಂದು ನಿಬಂಧನೆಯನ್ನು ಹಾಕಿದರು. ತಮ್ಮ ಯಂತ್ರಗಳನ್ನು ಪ್ರವೇಶಿಸುವ ದಾರಿಯು ಭದ್ರವಾಗಿರಬೇಕು. ಅದಕ್ಕೆ ಯಾವ ತಂತ್ರಾಂಶವನ್ನು ಬಳಸುವಳೆಂಬುದನ್ನು ಅವಳೇ ಆರಿಸಿ, ಏಕೆ ಆರಿಸಿದಳೆಂಬುದನ್ನು ಒಂದು ತಿಂಗಳೊಳಗೆ ಬರೆದು ತಿಳಿಸಬೇಕು. ಹೀಗೆ ಈ ಪ್ರಶ್ನೆಯು ನಮ್ಮ ಮನೆಯ ನಡುಮನೆಗೆ ಬಂದಿತು. ನಾವೂ ಅವಳ ಜೊತೆಯಲ್ಲಿ ಕುಳಿತು ವಿಷಯವನ್ನು ಮೊದಲಿನಿಂದ ತಿಳಿದುಕೊಂಡೆವು.

ಟರ್ಮಿನಲ್ ಎಂದರೆ ಏನೆಂಬುದನ್ನು ತಿಳಿಯಬೇಕಾದರೆ ತಂತಿಯ ಕಾಲಕ್ಕೆ ಹೋಗಬೇಕು. ನಮ್ಮ ದೇಶದ ಸಾರ್ವಜನಿಕ ತಂತಿ ಸೇವೆ ೨೦೧೩ರ ಜುಲೈ ತಿಂಗಳಿನಲ್ಲಿ ನಿಂತುಹೋಯಿತಷ್ಟೆ. ದೊಡ್ಡ ತಂತಿ ಕಚೇರಿಗಳಲ್ಲಿ ಟೆಲಿಪ್ರಿಂಟರ್ ಎಂಬ ಯಂತ್ರವಿರುತ್ತಿದ್ದಿತು. ಒಂದು ಊರಿನಲ್ಲಿ ಅಕ್ಷರದ ಗುಂಡಿಯನ್ನು ಒತ್ತಿದರೆ ಇನ್ನೊಂದು ಊರಿನ ಕಾಗದದ ಮೇಲೆ ಆ ಅಕ್ಷರವು ಮುದ್ರಿತವಾಗುತ್ತಿದ್ದಿತು. ಗಣಕಯಂತ್ರಗಳು ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿದ್ದ ದಿನಗಳಲ್ಲಿ ಅವುಗಳೊಡನೆ ಮಾತನಾಡಲು ಈ ಬಗೆಯ ಯಂತ್ರವನ್ನೇ ತಂದು ಜೋಡಿಸಿದರು. ಅನಂತರ ಕಾಗದದ ಸ್ಥಾನದಲ್ಲಿ ಗಾಜಿನ ಪರದೆ ಬಂದಿತು. ೧೯೭೮ರಲ್ಲಿ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯು ವಿಟಿ-೧೦೦ ಎಂಬ ಟರ್ಮಿನಲನ್ನು ಹೊರತಂದಿತು. ಸಾಲಿಗೆ ೮೦ ಅಕ್ಷರ, ಪರದೆಗೆ ೨೪ ಸಾಲು. ಈ ೮೦ ಎಂಬ ಸಂಖ್ಯೆಯು ಅದಕ್ಕೂ ಹಿಂದಿನ ರಂಧ್ರಪತ್ರಗಳ ೮೦ ಕಂಬಸಾಲುಗಳಿಂದ ಬಂದುದು. ಆ ಯಂತ್ರವು ಈಗ ವಸ್ತುಸಂಗ್ರಹಾಲಯದ ಸಾಮಾನು. ಆದರೆ ಅದರ ನಡೆನುಡಿ ಮಾತ್ರ ಅಳಿಯಲಿಲ್ಲ. ಕಲಾವಿದನು ಬಣ್ಣ ಹಚ್ಚಿ, ಕಿರೀಟವಿಟ್ಟು, ಇಲ್ಲದ ರಾಜನನ್ನು ರಂಗಸ್ಥಳಕ್ಕೆ ತರುವಂತೆ, ನಮ್ಮ ಮನೆಯ ಗಣಕಯಂತ್ರದಲ್ಲಿ ಒಂದು ತಂತ್ರಾಂಶವು ಆ ಹಳೆಯ ಟರ್ಮಿನಲಿನ ವೇಷವನ್ನು ಧರಿಸಿ ನಿಲ್ಲುತ್ತದೆ. ದೂರದ ಯಂತ್ರವು ಅದನ್ನು ನಿಜವಾದ ಟರ್ಮಿನಲೆಂದೇ ಭಾವಿಸಿ ಮಾತನಾಡುತ್ತದೆ. ಎಮ್ಯುಲೇಟರ್ ಎಂಬ ಮಾತಿನ ಅರ್ಥವು ಇಷ್ಟೇ.

ಬೆಂಗಳೂರಿಗೆ ಈ ವಿದ್ಯೆ ಹೊಸತಲ್ಲ. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಇಲ್ಲಿ ಕಚೇರಿಯನ್ನು ತೆರೆದು, ಉಪಗ್ರಹದ ಮೂಲಕ ಹೊರದೇಶದ ತನ್ನ ಯಂತ್ರಗಳೊಡನೆ ಸಂಪರ್ಕವನ್ನು ಕಲ್ಪಿಸಿಕೊಂಡಿತು. ಅದರ ಸಾಧನಗಳು ಎತ್ತಿನ ಗಾಡಿಯಲ್ಲಿ ಬಂದುವೆಂಬ ಮಾತನ್ನು ಊರಿನವರು ಈಗಲೂ ಹೇಳಿಕೊಳ್ಳುತ್ತಾರೆ. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದ ಸಾಮಾನ್ಯ ಜನರಿಗೆ ಅಂತರ್ಜಾಲವನ್ನು ತೆರೆದಿತು. ಆಗ ಶೆಲ್ ಖಾತೆ ಎಂಬ ಅಗ್ಗದ ಬಗೆಯೊಂದಿತ್ತು. ಅದರಲ್ಲಿ ಚಿತ್ರಗಳಿಲ್ಲ, ಬರಿಯ ಅಕ್ಷರಗಳು. ವಿದ್ಯಾರ್ಥಿಗಳಿರುವ ಮನೆಗಳಲ್ಲಿ ದೂರವಾಣಿಯ ತಂತಿಗೆ ಮೋಡೆಮನ್ನು ಜೋಡಿಸಿ, ಅದರ ಕಿರಿಚಾಟ ಮುಗಿಯುವವರೆಗೆ ಕಾದು, ಟರ್ಮಿನಲ್ ತಂತ್ರಾಂಶದ ಮೂಲಕವೇ ನಿಗಮದ ಯಂತ್ರವನ್ನು ಹೊಕ್ಕು ಪತ್ರಗಳನ್ನು ಓದುತ್ತಿದ್ದರು. ಅಷ್ಟು ಹೊತ್ತು ಮನೆಯ ದೂರವಾಣಿ ಇತರರಿಗೆ ಸಿಕ್ಕುತ್ತಿರಲಿಲ್ಲ. ಅತ್ತಲಿಂದ ಬಂಧುಗಳ ಆಕ್ಷೇಪಣೆ, ಇತ್ತಲಿಂದ ಬಿಲ್ಲಿನ ಭಯ. ಆ ದಿನಗಳನ್ನು ಕಂಡ ಗೃಹಸ್ಥರು ಈ ಲೇಖನವನ್ನು ಓದಿ ನಕ್ಕರೆ ಆಶ್ಚರ್ಯವಿಲ್ಲ.

ಇನ್ನು ಆರಿಸುವ ಕ್ರಮಕ್ಕೆ ಬರೋಣ. ಮೊದಲನೆಯ ಪರೀಕ್ಷೆ ಬೀಗದ್ದು. ಹಿಂದೆ ದೂರದ ಯಂತ್ರವನ್ನು ಸೇರಲು ಟೆಲ್ನೆಟ್ ಎಂಬ ಪದ್ಧತಿಯಿತ್ತು. ಅದು ಅಂಚೆಯ ಕಾರ್ಡಿನಂತೆ. ನಡುದಾರಿಯಲ್ಲಿ ಯಾರು ಕೈಗೆತ್ತಿಕೊಂಡರೂ ಓದಬಹುದು; ಗುಪ್ತಪದವೂ ಹಾಗೆಯೇ ಬೆತ್ತಲೆಯಾಗಿ ಹೋಗುತ್ತಿದ್ದಿತು. ೧೯೯೫ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಗುಪ್ತಪದಗಳನ್ನು ಕದ್ದರು. ಅದನ್ನು ಕಂಡು ಅಲ್ಲಿನ ತಾತು ಯ್ಲೋನೆನ್ ಎಂಬವರು ಎಸ್‌ಎಸ್‌ಎಚ್ ಎಂಬ ಪದ್ಧತಿಯನ್ನು ರಚಿಸಿದರು. ಇದು ಅರಗಿನ ಮುದ್ರೆಯ ಲಕೋಟೆಯಂತೆ. ನಡುವೆ ಸಿಕ್ಕಿದವರಿಗೆ ಅರ್ಥವಾಗದ ಗೂಢಲಿಪಿಯಲ್ಲಿ ಎಲ್ಲವೂ ಸಾಗುತ್ತದೆ. ಟೆಲ್ನೆಟ್ಟಿಗೆ ೨೩ನೆಯ ದ್ವಾರ, ಕಡತಗಳನ್ನು ಸಾಗಿಸುವ ಎಫ್‌ಟಿಪಿಗೆ ೨೧ನೆಯ ದ್ವಾರ ಮೊದಲೇ ಗೊತ್ತಾಗಿದ್ದುವು. ನಡುವೆ ಖಾಲಿಯಿದ್ದ ೨೨ನ್ನು ಯ್ಲೋನೆನ್ನರು ಕೇಳಿ ಪಡೆದರು. ಇಂದಿಗೂ ಅದೇ ದ್ವಾರ. ಆದುದರಿಂದ ಯಾವ ತಂತ್ರಾಂಶವನ್ನು ಆರಿಸಿದರೂ ಅದು ಎಸ್‌ಎಸ್‌ಎಚ್ ಪದ್ಧತಿಯನ್ನು ತಿಳಿದಿರಬೇಕು. ಇದಿಲ್ಲದಿದ್ದರೆ ಮಿಕ್ಕ ಗುಣಗಳನ್ನು ವಿಚಾರಿಸಬೇಕಾದುದೇ ಇಲ್ಲ.

ಮೊದಲ ಸಲ ದೂರದ ಯಂತ್ರವನ್ನು ಮುಟ್ಟಿದಾಗ ತಂತ್ರಾಂಶವು ಆ ಯಂತ್ರದ ಬೆರಳಚ್ಚಿನಂತಹ ಗುರುತೊಂದನ್ನು ತೋರಿಸಿ, ಇದನ್ನು ನಂಬಬಹುದೇ ಎಂದು ಕೇಳುತ್ತದೆ. ಹೆಚ್ಚಿನವರು ಓದದೆಯೇ ಹೌದೆಂದುಬಿಡುತ್ತಾರೆ. ಬಾಗಿಲು ತಟ್ಟಿದವರು ಯಾರೆಂದು ಕೇಳದೆ ಅಗುಳಿ ತೆಗೆಯುವ ಹಾಗಾಯಿತು ಇದು. ನಮ್ಮ ಸೊಸೆಯು ಕಚೇರಿಗೆ ದೂರವಾಣಿ ಮಾಡಿ, ಆ ಗುರುತನ್ನು ಅಕ್ಷರ ಅಕ್ಷರವಾಗಿ ಓದಿಸಿ, ತಾಳೆ ನೋಡಿದ ಮೇಲೆಯೇ ಒಪ್ಪಿದಳು. ಒಮ್ಮೆ ಒಪ್ಪಿದರೆ ತಂತ್ರಾಂಶವು ಅದನ್ನು ನೆನಪಿನಲ್ಲಿಟ್ಟುಕೊಂಡು, ಮುಂದೆ ಗುರುತು ಬೇರೆಯಾದರೆ ಎಚ್ಚರಿಸುತ್ತದೆ.

ಎರಡನೆಯದು, ಸಿಕ್ಕುವ ಸರಕುಗಳ ವಿಚಾರ. ವಿಂಡೋಸ್ ಯಂತ್ರವಿರುವ ಮನೆಗಳಲ್ಲಿ ಬಹುಕಾಲದಿಂದ ಪ್ರಸಿದ್ಧವಾದುದು ಪುಟ್ಟಿ ಎಂಬುದು. ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಎಂಬವರು ಇದನ್ನು ೧೯೯೯ರಲ್ಲಿ ಲೋಕಕ್ಕೆ ಕೊಟ್ಟರು. ಬೆಲೆಯಿಲ್ಲ, ಅದರ ಒಳಗಿನ ಬರವಣಿಗೆಯನ್ನು ಯಾರಾದರೂ ಓದಿ ಪರೀಕ್ಷಿಸಬಹುದು, ಚಿಕ್ಕ ಕಡತವೊಂದನ್ನು ತಂದಿಟ್ಟುಕೊಂಡರೆ ಸಾಕು, ಕೆಲಸಮಾಡುತ್ತದೆ. ಹೆಸರಿನಿಂದ ನಮ್ಮ ಮನೆಯಲ್ಲಿ ಒಂದು ವಿನೋದವೂ ನಡೆಯಿತು. “ಅತ್ತೆ, ಪುಟ್ಟಿಯನ್ನು ಇಳಿಸಿಕೊಳ್ಳಬೇಕು, ಸ್ವಲ್ಪ ಹೊತ್ತು ಹಿಡಿಯುತ್ತದೆ” ಎಂದಳು ಸೊಸೆ. ಮಗುವನ್ನು ಮನೆಯಲ್ಲಿ ಕರೆಯುವುದೂ ಪುಟ್ಟಿಯೆಂದೇ. “ಈಗ ತಾನೆ ತೊಟ್ಟಿಲಿಗೆ ಹಾಕಿದ್ದೇನೆ, ಏಕಮ್ಮಾ ಇಳಿಸುತ್ತೀಯೆ?” ಎಂದು ನಮ್ಮ ಮನೆಯವರು ಅಡಿಗೆಮನೆಯಿಂದ ಗದರಿಕೊಂಡರು.

ಜಪಾನಿನಲ್ಲಿ ಹುಟ್ಟಿದ ಟೆರಾ ಟರ್ಮ್ ಎಂಬುದೂ ಬೆಲೆಯಿಲ್ಲದೆ ಸಿಕ್ಕುತ್ತದೆ. ಕಾರ್ಖಾನೆಗಳ ಸಲಕರಣೆಗಳಿಗೆ ನೇರವಾಗಿ ತಂತಿ ಜೋಡಿಸಿ ಮಾತನಾಡುವವರಿಗೆ ಅದು ಅಚ್ಚುಮೆಚ್ಚು. ಮೋಬಾಎಕ್ಸ್‌ಟರ್ಮ್ ಎಂಬುದು ದೊಡ್ಡ ಸಂಸಾರದ ಉಗ್ರಾಣವಿದ್ದಂತೆ. ಟರ್ಮಿನಲ್, ಕಡತ ಸಾಗಣೆ, ದೂರದ ಚಿತ್ರಗಳನ್ನು ತೋರಿಸುವ ಸಾಧನ, ಎಲ್ಲವೂ ಒಂದೇ ಕಡೆ. ಅದರ ಮನೆಬಳಕೆಯ ಆವೃತ್ತಿ ಬಿಟ್ಟಿ, ಆದರೆ ಮಿತಿಗಳುಂಟು. ಪೂರ್ಣ ಆವೃತ್ತಿಗೆ ಹಣ ಕೊಡಬೇಕು. ಸೆಕ್ಯೂರ್‌ಸಿಆರ್‌ಟಿ ಎಂಬುದು ಹಣ ಕೊಟ್ಟೇ ಕೊಳ್ಳತಕ್ಕುದು. ಹಲವಾರು ಯಂತ್ರಗಳನ್ನು ದಿನವಿಡೀ ನೋಡಿಕೊಳ್ಳುವವರು ಅದನ್ನು ಮೆಚ್ಚುತ್ತಾರೆ. ಇವೆಲ್ಲದರ ನಡುವೆ ಅನೇಕರು ಗಮನಿಸದ ಸಂಗತಿಯೊಂದುಂಟು. ೨೦೧೮ರಿಂದ ಈಚೆಗೆ ವಿಂಡೋಸಿನೊಳಗೇ ಓಪನ್‌ಎಸ್‌ಎಸ್‌ಎಚ್ ಸೇರಿಕೊಂಡು ಬರುತ್ತಿದೆ. ಇದು ೧೯೯೯ರಲ್ಲಿ ಓಪನ್‌ಬಿಎಸ್‌ಡಿ ಬಳಗದವರು ಸಿದ್ಧಪಡಿಸಿದುದು. ಅದಕ್ಕೆ ಒಪ್ಪುವ ಪರದೆಯಾಗಿ ವಿಂಡೋಸ್ ಟರ್ಮಿನಲ್ ಎಂಬುದನ್ನು ಮೈಕ್ರೋಸಾಫ್ಟಿನವರು ೨೦೧೯ರಲ್ಲಿ ಪ್ರಕಟಿಸಿದರು. ಲಿನಕ್ಸ್ ಯಂತ್ರವಿರುವವರಿಗಂತೂ ಟರ್ಮಿನಲ್ ಹುಟ್ಟಿನಿಂದಲೇ ಜೊತೆಯಲ್ಲಿರುತ್ತದೆ.

ಹಣ ಕೊಟ್ಟುದೇ ಗಟ್ಟಿ ಎಂಬುದು ನಮ್ಮ ಮನೆಯವರ ಅಭಿಪ್ರಾಯ. ಪಾತ್ರೆ ಬಟ್ಟೆಗಳಲ್ಲಿ ಅದು ಬಹುಮಟ್ಟಿಗೆ ನಿಜ. ಇಲ್ಲಿ ಅದಕ್ಕಿಂತ ಮುಖ್ಯವಾದುದು ಸರಕು ಎಲ್ಲಿಂದ ಬಂದಿತು, ಅದನ್ನು ಈಗಲೂ ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದು. ಇದೇ ಮೂರನೆಯ ಪರೀಕ್ಷೆ. ೨೦೧೫ರಲ್ಲಿ ಪುಟ್ಟಿಯ ಕಳ್ಳಪ್ರತಿಯೊಂದು ಪತ್ತೆಯಾಯಿತು. ನೋಡುವುದಕ್ಕೆ ಅಸಲಿನಂತೆಯೇ ಇದ್ದು, ಬಳಸಿದವರ ಗುಪ್ತಪದವನ್ನು ಕಳ್ಳರಿಗೆ ಮುಟ್ಟಿಸುತ್ತಿದ್ದಿತು. ಹುಡುಕುವ ತಾಣಗಳಲ್ಲಿ ಮೊದಲು ಕಾಣುವುದು ಎಷ್ಟೋ ವೇಳೆ ಹಣ ತೆತ್ತು ಹಾಕಿಸಿದ ಜಾಹೀರಾತು. ಅದನ್ನು ನಂಬಿ ಇಳಿಸಿಕೊಳ್ಳುವುದು ಅಪಾಯ. ತಯಾರಿಸಿದವರ ಸ್ವಂತ ತಾಣವನ್ನು ಬಲ್ಲವರಿಂದ ಕೇಳಿ ತಿಳಿದು, ಅಲ್ಲಿಂದಲೇ ತರಬೇಕು. ಕಡತದ ಮೇಲೆ ಅವರ ಡಿಜಿಟಲ್ ರುಜು ಇದೆಯೇ ಎಂದು ನೋಡಬೇಕು.

ಅಸಲು ಸರಕಿನಲ್ಲಿಯೂ ಕುಂದು ಇರಬಹುದು. ಎಸ್‌ಎಸ್‌ಎಚ್ ಪದ್ಧತಿಯಲ್ಲಿ ಗುಪ್ತಪದಕ್ಕಿಂತ ಭದ್ರವಾದ ಏರ್ಪಾಡೆಂದರೆ ಜೋಡಿ ಬೀಗದ ಕೈಗಳು. ಒಂದು ಬಹಿರಂಗವಾದುದು, ದೂರದ ಯಂತ್ರದಲ್ಲಿರುತ್ತದೆ. ಇನ್ನೊಂದು ಗುಟ್ಟಿನದು, ನಮ್ಮ ಯಂತ್ರವನ್ನು ಬಿಟ್ಟು ಕದಲಬಾರದು. ೨೦೨೪ರ ಏಪ್ರಿಲಿನಲ್ಲಿ ಜರ್ಮನಿಯ ಬೋಖುಮ್ ನಗರದ ವಿಶ್ವವಿದ್ಯಾನಿಲಯದ ಸಂಶೋಧಕರು ಪುಟ್ಟಿಯಲ್ಲಿ ಒಂದು ದೋಷವನ್ನು ಕಂಡುಹಿಡಿದು ಪ್ರಕಟಿಸಿದರು. ಪಿ-೫೨೧ ಎಂಬ ಒಂದು ಬಗೆಯ ಕೈಯನ್ನು ಬಳಸಿದವರು ಮಾಡಿದ ಸುಮಾರು ೬೦ ರುಜುಗಳು ಸಿಕ್ಕಿದರೆ, ಅವುಗಳಿಂದ ಗುಟ್ಟಿನ ಕೈಯನ್ನೇ ಲೆಕ್ಕಹಾಕಿ ತೆಗೆಯಬಹುದಾಗಿದ್ದಿತು. ೦.೬೮ರಿಂದ ೦.೮೦ರವರೆಗಿನ ಆವೃತ್ತಿಗಳಲ್ಲಿ, ಎಂದರೆ ಸುಮಾರು ಏಳು ವರ್ಷಗಳ ಕಾಲ, ಈ ದೋಷವು ಅಡಗಿದ್ದಿತು. ೦.೮೧ರಲ್ಲಿ ಅದನ್ನು ಸರಿಪಡಿಸಿದರು. ಆದರೆ ಹೊಸ ಆವೃತ್ತಿಯನ್ನು ತಂದ ಮಾತ್ರಕ್ಕೆ ಹಳೆಯ ಕೈಯು ಶುದ್ಧವಾಗುವುದಿಲ್ಲ. ಅಂತಹ ಕೈಯನ್ನು ದೂರದ ಯಂತ್ರಗಳಿಂದ ತೆಗೆಸಿ ಹೊಸದನ್ನು ಮಾಡಿಸಿಕೊಳ್ಳಬೇಕು. ಇದನ್ನು ಕೇಳಿ ಪುಟ್ಟಿಯನ್ನು ದೂಷಿಸಬೇಕಾದುದಿಲ್ಲ. ಒಳಗಿನ ಬರವಣಿಗೆ ತೆರೆದಿದ್ದುದರಿಂದಲೇ ಹೊರಗಿನವರು ಪರೀಕ್ಷಿಸಿದರು. ದೋಷವನ್ನು ಮುಚ್ಚಿಡದೆ ತಯಾರಿಸಿದವರೇ ಸಾರಿದರು. ಅದು ಅಡಗಿದ್ದ ಕಾಲವನ್ನು ನೋಡಿ ಗೃಹಸ್ಥರು ಕಲಿಯಬೇಕಾದುದೆಂದರೆ, ಒಮ್ಮೆ ತಂದುದನ್ನು ಹಾಗೆಯೇ ಬಿಡದೆ ಕಾಲಕಾಲಕ್ಕೆ ಹೊಸ ಆವೃತ್ತಿಯನ್ನು ತರುತ್ತಿರಬೇಕು ಎಂಬುದು.

ನಾಲ್ಕನೆಯದು ಅನುಕೂಲದ ವಿಚಾರ. ರಾತ್ರಿಯ ಹೊತ್ತು ಗಂಟೆಗಟ್ಟಲೆ ನೋಡುವ ಪರದೆಯಾದುದರಿಂದ ಅಕ್ಷರದ ಗಾತ್ರ ಬಣ್ಣಗಳನ್ನು ಕಣ್ಣಿಗೆ ಹಿತವಾಗುವಂತೆ ಮಾಡಿಕೊಳ್ಳಲು ಬರಬೇಕು. ಮೇಲಕ್ಕೆ ಸರಿದುಹೋದ ಸಾಲುಗಳನ್ನು ಹಿಂದಿರುಗಿ ಓದಲು, ನಡೆದುದನ್ನೆಲ್ಲ ಒಂದು ಕಡತದಲ್ಲಿ ದಾಖಲು ಮಾಡಲು ಅವಕಾಶವಿರಬೇಕು. ಮಳೆಗಾಲದ ಸಂಜೆ ಗುಡುಗಿದೊಡನೆ ನಮ್ಮ ಬೀದಿಯಲ್ಲಿ ವಿದ್ಯುತ್ತು ಹೋಗುವುದುಂಟು. ಆಗ ಸಂಪರ್ಕವು ಕಡಿದುಹೋಗುತ್ತದೆ, ಅರ್ಧ ನಡೆದ ಕೆಲಸವೂ ಕೆಡುತ್ತದೆ. ಇದಕ್ಕೆ ಪರಿಹಾರವು ಮನೆಯ ತಂತ್ರಾಂಶದಲ್ಲಿಲ್ಲ, ದೂರದ ಯಂತ್ರದಲ್ಲಿದೆ. ಅಲ್ಲಿ ೧೯೮೭ರಿಂದ ಇರುವ ಸ್ಕ್ರೀನ್ ಅಥವಾ ೨೦೦೭ರಲ್ಲಿ ಬಂದ ಟಿಮಕ್ಸ್ ಎಂಬ ಸಾಧನದ ಒಳಗೆ ಕೆಲಸವನ್ನು ಆರಂಭಿಸಿದರೆ, ನಮ್ಮ ಕಡೆಯ ದೀಪವಾರಿದರೂ ಅತ್ತಲ ಕೆಲಸ ನಡೆಯುತ್ತಲೇ ಇರುತ್ತದೆ. ವಿದ್ಯುತ್ತು ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಮಗು ಎದ್ದು ಅತ್ತಾಗಲೂ ಇದೇ ಉಪಾಯವು ಒದಗುತ್ತದೆಂದು ಸೊಸೆಯು ಹೇಳುತ್ತಾಳೆ.

ಐದನೆಯದು ನಮ್ಮ ಸ್ವಂತ ಆಸಕ್ತಿಯ ವಿಷಯ, ಕನ್ನಡ. ನಮ್ಮ ಬಡಾವಣೆಯ ಚಿಕ್ಕ ವಾಚನಾಲಯವೊಂದರ ಪುಸ್ತಕಗಳ ಪಟ್ಟಿಯನ್ನು ನಾವು ಬಾಡಿಗೆಯ ದೂರದ ಯಂತ್ರವೊಂದರಲ್ಲಿ ಇರಿಸಿದ್ದೇವೆ. ಅದನ್ನು ಟರ್ಮಿನಲಿನಲ್ಲಿ ತೆರೆದು ನೋಡಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಕಾರಣವು ವಿಟಿ-೧೦೦ರ ಕಾಲದ್ದೇ. ಟರ್ಮಿನಲಿನ ಪರದೆಯೆಂದರೆ ಚದುರಂಗದ ಹಾಸಿನಂತೆ ಸಮನಾದ ಮನೆಗಳು. ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷಿಗೆ ಇದು ಸರಿಹೋಗುತ್ತದೆ. ರಾಷ್ಟ್ರ ಎಂಬ ನಮ್ಮ ಮಾತನ್ನು ನೋಡಿ: ಕಣ್ಣಿಗೆ ಎರಡು ಅಕ್ಷರ; ೧೯೯೧ರಿಂದ ಕನ್ನಡಕ್ಕೆ ಸ್ಥಾನ ಕೊಟ್ಟಿರುವ ಯೂನಿಕೋಡಿನಲ್ಲಿ ಅದು ಏಳು ಸಂಕೇತಗಳು. ಈ ಏಳನ್ನು ಕೂಡಿಸಿ, ಒಂದರ ಕೆಳಗೊಂದು ಒತ್ತನ್ನು ಇಟ್ಟು ಬರೆಯುವುದು ಚೌಕದ ಮನೆಗಳ ಲೆಕ್ಕಕ್ಕೆ ಒಗ್ಗದು. ಪುಟ್ಟಿಯು ಅರಬ್ಬಿಯ ಅಕ್ಷರಗಳನ್ನು ಜೋಡಿಸಿ ತೋರಿಸಬಲ್ಲದು. ಕನ್ನಡದ ಒತ್ತುಗಳನ್ನು ನಾವು ನೋಡಿದ ಮಟ್ಟಿಗೆ ಸರಿಯಾಗಿ ತೋರಿಸಲಿಲ್ಲ. ಬೇರೆ ಕೆಲವು ಸ್ವಲ್ಪ ವಾಸಿ. ಪೂರ್ಣ ತೃಪ್ತಿ ಯಾವುದರಿಂದಲೂ ಆಗಲಿಲ್ಲ.

“ಪಟ್ಟಿಯೆಲ್ಲ ಕೆಟ್ಟುಹೋಯಿತೇನಮ್ಮಾ?” ಎಂದು ನಾವು ಕೇಳಿದೆವು.

“ಇಲ್ಲ ಮಾವ, ಕಾಣುವುದು ಮಾತ್ರ ಹಾಗೆ. ಒಳಗಿನ ಸಂಕೇತಗಳು ಇದ್ದ ಹಾಗೆಯೇ ಇವೆ. ಕಡತವನ್ನು ಇತ್ತ ತರಿಸಿ ತೆರೆದು ನೋಡಿ” ಎಂದಳು.

ಅದರಂತೆ ಅದೇ ಎಸ್‌ಎಸ್‌ಎಚ್ ದಾರಿಯಲ್ಲಿ ಕಡತವನ್ನು ಮನೆಯ ಯಂತ್ರಕ್ಕೆ ತರಿಸಿ ತೆರೆದರೆ ಒತ್ತುಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದುವು. ಈಗ ನಾವು ಇಲ್ಲಿಯೇ ತಿದ್ದಿ, ಅಲ್ಲಿಗೆ ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಆದರೂ ಕನ್ನಡವನ್ನು ನೆಟ್ಟಗೆ ತೋರಿಸುವ ಟರ್ಮಿನಲನ್ನು ನಮ್ಮ ಊರಿನ ತರುಣರು ಮಾಡಿಕೊಡಬೇಕೆಂಬ ಆಸೆ ನಮಗಿದೆ. ಸಮುದ್ರದಾಚೆಯ ಯಂತ್ರಗಳನ್ನು ನಡೆಸುವ ಕೈಗಳಿಗೆ ಇದು ಅಸಾಧ್ಯವಾಗಲಾರದು.

ಕೊನೆಗೆ ಸೊಸೆಯು ಆರಿಸಿದುದು ವಿಂಡೋಸಿನೊಳಗೇ ಇದ್ದ ಓಪನ್‌ಎಸ್‌ಎಸ್‌ಎಚ್ ಮತ್ತು ವಿಂಡೋಸ್ ಟರ್ಮಿನಲನ್ನು. ಹೊರಗಿನಿಂದ ತರಬೇಕಾದುದಿಲ್ಲವಾದುದರಿಂದ ಕಳ್ಳಪ್ರತಿಯ ಭಯ ಕಡಿಮೆ. ಯಂತ್ರದ ಇತರ ಭಾಗಗಳ ಜೊತೆಯಲ್ಲಿಯೇ ಅದರ ದುರಸ್ತಿಯೂ ಬರುತ್ತದೆ. ಗುಟ್ಟಿನ ಕೈಗೆ ಉದ್ದವಾದ ಗುಪ್ತವಾಕ್ಯವೊಂದನ್ನು ಇಟ್ಟಿದ್ದಾಳೆ. ಅದನ್ನು ಗಂಡನಿಗೂ ಹೇಳಿಲ್ಲ, ನಮಗೂ ಹೇಳಿಲ್ಲ, ಹೇಳಬೇಕಾದುದೂ ಇಲ್ಲ. ಈ ಕಾರಣಗಳನ್ನೆಲ್ಲ ಒಂದು ಪುಟದಲ್ಲಿ ಬರೆದು ಕಳುಹಿಸಿದಳು. ಗಡುವಿಗೆ ನಾಲ್ಕು ದಿನ ಮೊದಲೇ ಕಚೇರಿಯವರ ಒಪ್ಪಿಗೆ ಬಂದಿತು. ಎಲ್ಲ ಮನೆಗಳಿಗೂ ಇದೇ ತಕ್ಕುದೆಂದು ನಾವು ಹೇಳುವುದಿಲ್ಲ. ಹಳೆಯ ಯಂತ್ರವುಳ್ಳವರಿಗೆ, ಹಲವು ಬಗೆಯ ಸಲಕರಣೆಗಳನ್ನು ನೋಡಿಕೊಳ್ಳುವವರಿಗೆ ಪುಟ್ಟಿಯೋ ಟೆರಾ ಟರ್ಮೋ ಹೆಚ್ಚು ಒಪ್ಪಬಹುದು. ದಿನಕ್ಕೆ ಇಪ್ಪತ್ತು ಯಂತ್ರಗಳನ್ನು ಹೊಕ್ಕುಬರುವವರಿಗೆ ಹಣ ಕೊಟ್ಟು ಕೊಂಡುದರಿಂದ ಹೊತ್ತು ಉಳಿಯಬಹುದು. ಬೀಗ, ಮೂಲ, ದುರಸ್ತಿ, ಅನುಕೂಲ ಎಂಬ ಕ್ರಮದಲ್ಲಿ ವಿಚಾರಿಸಿ, ಬೆಲೆಯನ್ನು ಆಮೇಲೆ ಕೇಳುವುದು ಲೇಸು. ಮನೆಯಲ್ಲಿ ಇಂತಹ ಕೆಲಸ ಮಾಡುವ ಮಕ್ಕಳಿದ್ದರೆ, ಅವರು ಯಾವ ಬಾಗಿಲಿನಿಂದ ಹೋಗಿಬರುತ್ತಿದ್ದಾರೆಂದು ಹಿರಿಯರು ಒಂದು ದಿನ ಪಕ್ಕದಲ್ಲಿ ಕುಳಿತು ಕೇಳಲಿ. ಅವರು ಸಂತೋಷದಿಂದಲೇ ತೋರಿಸುತ್ತಾರೆ.